ಹಲ್ಲಿನ ಎಕ್ಸ್‌ರೇ: ಕಿರಣದ ಭಯ ಮತ್ತು ಓದುವ ಕಣ್ಣಿನ ಕೊರತೆ

ಹಲ್ಲುನೋವೆಂದು ದಂತವೈದ್ಯರ ಕುರ್ಚಿಯಲ್ಲಿ ಕುಳಿತವರ ಕಿವಿಗೆ ಇಂದು ಮೊದಲು ಬೀಳುವ ಮಾತುಗಳಲ್ಲಿ ‘ಒಂದು ಆರ್‌ವಿಜಿ ತೆಗೆದು ನೋಡೋಣ’ ಎಂಬುದೂ ಒಂದು. ಫಿಲ್ಮಿನ ಬದಲು ಸೆನ್ಸರ್ ಬಳಸಿ ಹಲ್ಲಿನ ಎಕ್ಸ್‌ರೇಯನ್ನು ಪರದೆಯ ಮೇಲೆ ತೋರಿಸುವ ಯಂತ್ರವನ್ನು 1980ರ ದಶಕದಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಮೂಯೆನ್ ರೂಪಿಸಿದಾಗ ಅದಕ್ಕಿಟ್ಟ ಹೆಸರು ರೇಡಿಯೋವಿಸಿಯೋಗ್ರಫಿ. ನಕಲು ತೆಗೆಯುವ ಯಂತ್ರ ಯಾವ ಕಂಪನಿಯದಾದರೂ ನಮ್ಮ ಬಾಯಲ್ಲಿ ಝೆರಾಕ್ಸ್ ಆದಂತೆ, ಸೆನ್ಸರ್ ಯಾರದಾದರೂ ಅದು ಆರ್‌ವಿಜಿಯೇ ಆಯಿತು. ಇಡೀ ದವಡೆಯನ್ನು ಒಂದೇ ಉದ್ದನೆಯ ಚಿತ್ರದಲ್ಲಿ ಹರಡಿ ತೋರಿಸುವ ಓಪಿಜಿ ಅದಕ್ಕೂ ಹಳೆಯದು. ಈಗ ಅವೆರಡರ ಜೊತೆಗೆ ದವಡೆಯನ್ನು ಮೂರು ಆಯಾಮಗಳಲ್ಲಿ ತೋರಿಸುವ ಕೋನ್ ಬೀಮ್ ಸಿಟಿ, ಅಂದರೆ ಸಿಬಿಸಿಟಿ, ನಗರಗಳ ಸ್ಕ್ಯಾನ್ ಕೇಂದ್ರಗಳನ್ನು ದಾಟಿ ದೊಡ್ಡ ಕ್ಲಿನಿಕ್ಕುಗಳ ಒಳಕ್ಕೇ ಬಂದು ಕುಳಿತಿದೆ.

ಚಿತ್ರ ತೆಗೆಸಿಕೊಳ್ಳುವವರ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಈ ಕಿರಣದಿಂದ ತೊಂದರೆಯಿಲ್ಲವೇ? ಪ್ರಶ್ನೆ ತಪ್ಪಲ್ಲ, ಉತ್ತರವನ್ನು ಮುಂದೆ ನೋಡೋಣ. ಆದರೆ ಹಲ್ಲಿನ ಚಿತ್ರಗಳ ವಿಷಯದಲ್ಲಿ ರೋಗಿಗೆ ಆಗುವ ಹೆಚ್ಚಿನ ನಷ್ಟ ಕಿರಣದಿಂದ ಆಗುವುದಲ್ಲ ಎಂಬುದು ಈ ಲೇಖನದ ವಾದ. ಯಾವ ಸಂದೇಹಕ್ಕೆ ಉತ್ತರ ಬೇಕೆಂದು ನಿರ್ಧರಿಸದೆ ತೆಗೆದ ಚಿತ್ರದಿಂದಲೂ, ತೆಗೆದ ಮೇಲೆ ಪೂರ್ತಿಯಾಗಿ ಓದದೆ ಬಿಟ್ಟ ಚಿತ್ರದಿಂದಲೂ ಆ ನಷ್ಟ ಆಗುತ್ತದೆ.

ಎಕ್ಸ್‌ರೇ ಎಂದರೆ ನೆರಳು. ಹಲ್ಲಿನ ಹೊರಕವಚವಾದ ಎನಾಮಲ್, ಮೂಳೆ, ಲೋಹದಂಥ ಗಟ್ಟಿ ವಸ್ತುಗಳು ಕಿರಣವನ್ನು ತಡೆದು ಬೆಳ್ಳಗೆ ಕಾಣುತ್ತವೆ. ಹುಳುಕು, ಕೀವು ತುಂಬಿದ ಜಾಗ, ಕರಗಿದ ಮೂಳೆ ಕಪ್ಪಾಗಿ ಕಾಣುತ್ತವೆ. ಇಷ್ಟು ಸರಳವಾದ ತತ್ವದಲ್ಲೇ ಅದರ ಮಿತಿಯೂ ಅಡಗಿದೆ. ಮೂಳೆಯ ಖನಿಜಾಂಶದಲ್ಲಿ ಸುಮಾರು 30ರಿಂದ 50 ಶೇಕಡಾ ನಷ್ಟವಾಗುವವರೆಗೆ ಆ ನಷ್ಟ ಸಾಧಾರಣ ಎಕ್ಸ್‌ರೇಯಲ್ಲಿ ಕಣ್ಣಿಗೆ ಬೀಳುವುದಿಲ್ಲವೆಂದು ದಂತವೈದ್ಯಕೀಯದ ಪಾಠಗಳು ಹೇಳುತ್ತವೆ. ಬೇರಿನ ತುದಿಯ ಸೋಂಕು ಮೂಳೆಯ ಒಳಗಿನ ಜಾಲರಿಯಂಥ ಭಾಗದಲ್ಲೇ ಇದ್ದು ಹೊರಗಿನ ಗಟ್ಟಿ ಪದರವನ್ನು ಇನ್ನೂ ಮುಟ್ಟಿರದಿದ್ದರೆ, ರೋಗಿ ರಾತ್ರಿಯಿಡೀ ನಿದ್ದೆಗೆಟ್ಟಿದ್ದರೂ ಚಿತ್ರದಲ್ಲಿ ಎಲ್ಲವೂ ಸರಿಯಾಗಿಯೇ ಕಾಣಬಹುದು. ಹುಳುಕಿನ ಆಳವೂ ಚಿತ್ರದಲ್ಲಿ ಕಾಣುವುದಕ್ಕಿಂತ ನಿಜದಲ್ಲಿ ಹೆಚ್ಚಿರುತ್ತದೆ. ‘ಸಣ್ಣ ಹುಳುಕು’ ಎಂದು ಕೊರೆಯಲು ಶುರುಮಾಡಿದ ವೈದ್ಯರು ಹಲ್ಲಿನೊಳಗೆ ನರ, ರಕ್ತನಾಳಗಳಿರುವ ತಿರುಳಿನ ಸಮೀಪಕ್ಕೆ ಹೋಗಿ ನಿಲ್ಲುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ.

ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರದಲ್ಲಿ ನೋವು ಕಾಣುವುದಿಲ್ಲ, ಹಲ್ಲಿನ ತಿರುಳು ಜೀವಂತವಾಗಿದೆಯೇ ಸತ್ತಿದೆಯೇ ಎಂಬುದೂ ಕಾಣುವುದಿಲ್ಲ. ತಣ್ಣನೆಯ ಹತ್ತಿಯನ್ನು ಹಲ್ಲಿಗೆ ತಾಗಿಸಿ, ಕನ್ನಡಿಯ ಹಿಡಿಯಿಂದ ಮೆಲ್ಲನೆ ತಟ್ಟಿ, ವಸಡನ್ನು ಒತ್ತಿ ನೋಡುವ ಹಳೆಯ ಪರೀಕ್ಷೆಗಳು ಹೇಳುವುದು ಅದನ್ನು. ಇದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ದಂತ ಕಾಲೇಜುಗಳಲ್ಲಿ ತಪ್ಪದೆ ಹೇಳಿಕೊಡುವ ಒಂದು ಉದಾಹರಣೆಯಿದೆ. ಕೆಳದವಡೆಯ ಮುಂದವಡೆ ಹಲ್ಲುಗಳ ಬೇರಿನ ಹತ್ತಿರ, ತುಟಿ ಮತ್ತು ಗಲ್ಲಕ್ಕೆ ನರ ಹೊರಬರಲು ಮೂಳೆಯಲ್ಲಿ ಒಂದು ಸಹಜವಾದ ರಂಧ್ರವಿರುತ್ತದೆ. ಕಿರಣ ಬಿದ್ದ ಕೋನ ಒಂದಿಷ್ಟು ಬದಲಾದರೆ ಆ ರಂಧ್ರದ ಕಪ್ಪು ಚುಕ್ಕೆ ಸರಿಯಾಗಿ ಬೇರಿನ ತುದಿಯ ಮೇಲೆ ಬಂದು ಕುಳಿತು, ಥೇಟ್ ಕೀವುಗಡ್ಡೆಯಂತೆ ಕಾಣುತ್ತದೆ. ಕೆಳಗಿನ ಬಾಚಿಹಲ್ಲುಗಳ ಬೇರಿನ ಬಳಿ ಮೂಳೆಯ ಒಂದು ನಿರಪಾಯ ಬದಲಾವಣೆಯೂ ಮೊದಲ ಹಂತದಲ್ಲಿ ಹೀಗೆಯೇ ಕಪ್ಪಾಗಿ ಕಾಣುತ್ತದೆ, ವಿಶೇಷವಾಗಿ ನಡುವಯಸ್ಸಿನ ಹೆಂಗಸರಲ್ಲಿ. ಎರಡೂ ಸಂದರ್ಭಗಳಲ್ಲಿ ಹಲ್ಲು ಆರೋಗ್ಯವಾಗಿದ್ದು ತಣ್ಣನೆಯ ಪರೀಕ್ಷೆಗೆ ಸರಿಯಾಗಿ ಸ್ಪಂದಿಸುತ್ತದೆ. ಆ ಪರೀಕ್ಷೆಯನ್ನು ಮಾಡದೆ ಚಿತ್ರವನ್ನಷ್ಟೇ ನಂಬಿದವರು ಏನೂ ಆಗದ ಹಲ್ಲಿಗೆ, ತಿರುಳನ್ನು ತೆಗೆದು ಬೇರಿನ ನಾಳಗಳನ್ನು ತುಂಬಿಸುವ ರೂಟ್ ಕೆನಾಲ್ ಮಾಡಿಬಿಡುವ ಸಾಧ್ಯತೆಯಿದೆ. ಆಗ ರೋಗಿ ಕಳೆದುಕೊಳ್ಳುವುದು ಒಂದು ಜೀವಂತ ಹಲ್ಲನ್ನು ಮತ್ತು ಕೆಲವು ಸಾವಿರ ರೂಪಾಯಿಗಳನ್ನು. ಅದರಲ್ಲಿ ಕಿರಣದ ಪಾಲು ಏನೇನೂ ಇಲ್ಲ.

ಎರಡು ಹಲ್ಲುಗಳು ಒಂದಕ್ಕೊಂದು ತಾಗಿಕೊಂಡಿರುವ ಸಂದಿಯ ಹುಳುಕನ್ನು ಕಂಡುಹಿಡಿಯಲು ಅತ್ಯುತ್ತಮವಾದದ್ದು ಬೈಟ್‌ವಿಂಗ್ ಎಂಬ ಚಿತ್ರ. ಅಮೆರಿಕದ ಹೋವರ್ಡ್ ರೇಪರ್ 1925ರಲ್ಲಿ ಬಳಕೆಗೆ ತಂದ ಈ ವಿಧಾನದಲ್ಲಿ ರೋಗಿ ಒಂದು ಪುಟ್ಟ ರೆಕ್ಕೆಯನ್ನು ಕಚ್ಚಿ ಹಿಡಿಯುತ್ತಾರೆ. ಮೇಲಿನ ಮತ್ತು ಕೆಳಗಿನ ಹಲ್ಲುಗಳ ತಲೆಭಾಗ ಒಟ್ಟಿಗೆ ಕಾಣುತ್ತದೆ. ನೂರು ವರ್ಷ ಹಳೆಯದಾದ, ಅಗ್ಗದ, ಅತಿ ಕಡಿಮೆ ಕಿರಣ ಸಾಕಾಗುವ ಈ ಚಿತ್ರ ನಮ್ಮ ಕ್ಲಿನಿಕ್ಕುಗಳಲ್ಲಿ ಇರಬೇಕಾದಷ್ಟು ಬಳಕೆಯಲ್ಲಿಲ್ಲ ಎನ್ನುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ನಮ್ಮಲ್ಲಿ ಹೆಚ್ಚಿನವರು ನೋವು ಬಂದ ಮೇಲೆಯೇ ದಂತವೈದ್ಯರ ಬಳಿ ಹೋಗುತ್ತಾರೆ, ನೋವಿಗೆ ಮೊದಲೇ ಹುಳುಕನ್ನು ಹಿಡಿಯುವ ಚಿತ್ರವನ್ನು ಕೇಳುವವರಿಲ್ಲ ಎಂಬುದು ಒಂದು ಕಾರಣವಿರಬಹುದು. ಅಮೆರಿಕದಲ್ಲಿ 2012ರ ಮಾರ್ಗಸೂಚಿ ಇದಕ್ಕೂ ಎಲ್ಲರಿಗೂ ಒಂದೇ ಅವಧಿಯನ್ನು ಹಾಕಿಲ್ಲ: ಹುಳುಕಿನ ಅಪಾಯ ಹೆಚ್ಚಿರುವ ಮಕ್ಕಳಿಗೆ 6ರಿಂದ 12 ತಿಂಗಳಿಗೊಮ್ಮೆ, ಅಪಾಯ ಕಡಿಮೆಯಿರುವ ವಯಸ್ಕರಿಗೆ 24ರಿಂದ 36 ತಿಂಗಳಿಗೊಮ್ಮೆ ಎಂದಿದೆ. ಅಂದರೆ ಬಾಯಿಯನ್ನು ಮೊದಲು ನೋಡಬೇಕು, ಚಿತ್ರ ಆಮೇಲೆ.

ಈ ಕ್ರಮ ತಲೆಕೆಳಗಾಗುವುದು ಓಪಿಜಿಯಲ್ಲಿ. ರೋಗಿಯ ಹೆಸರು ಬರೆದುಕೊಂಡ ಕೂಡಲೇ, ವೈದ್ಯರು ಬಾಯಿ ನೋಡುವ ಮುನ್ನವೇ, ಓಪಿಜಿ ಯಂತ್ರದ ಮುಂದೆ ನಿಲ್ಲಿಸುವ ಪದ್ಧತಿ ಕೆಲವು ಕಡೆ ಬೆಳೆದಿದೆ. ಫಿನ್ಲೆಂಡಿನ ಯೂರ್ಯೋ ಪಾಟೆರೋ 1950ರ ಸುಮಾರಿಗೆ ಬೆಳೆಸಿದ ಈ ತಂತ್ರದಲ್ಲಿ ಕಿರಣದ ಸಣ್ಣ ಸೀಳೊಂದು ತಲೆಯ ಸುತ್ತ ತಿರುಗುತ್ತಾ ದವಡೆಯ ಕುದುರೆಲಾಳದ ಆಕಾರವನ್ನು ಚಪ್ಪಟೆಯಾಗಿ ಬಿಡಿಸಿಡುತ್ತದೆ. ಬುದ್ಧಿಹಲ್ಲುಗಳು ಎಲ್ಲಿವೆ, ಮಗುವಿನ ಹಾಲುಹಲ್ಲಿನ ಕೆಳಗೆ ಬರಬೇಕಾದ ಹಲ್ಲುಗಳೆಲ್ಲ ಇವೆಯೇ, ದವಡೆಯಲ್ಲಿ ಮುರಿತವೋ ದೊಡ್ಡ ಗಂಟೋ ಇದೆಯೇ ಎಂಬ ಪ್ರಶ್ನೆಗಳಿಗೆ ಇದಕ್ಕಿಂತ ಒಳ್ಳೆಯ ಮೊದಲ ಚಿತ್ರವಿಲ್ಲ. ಗುಟ್ಕಾ, ಅಡಿಕೆ ಜಗಿದು ಬಾಯಿಯ ಒಳಪದರ ನಾರುಗಟ್ಟಿ ಎರಡು ಬೆರಳಷ್ಟೂ ಬಾಯಿ ತೆರೆಯಲಾಗದವರಿಗೆ ಗಡುಸಾದ ಆರ್‌ವಿಜಿ ಸೆನ್ಸರನ್ನು ಒಳಗಿಡುವುದೇ ಆಗದ ಮಾತು. ಬಾಯಿಯ ಹೊರಗಿನಿಂದಲೇ ತೆಗೆಯುವ ಓಪಿಜಿ ಅವರಿಗೆ ನಿಜವಾದ ಉಪಕಾರ.

ಆದರೆ ಅದೇ ರೋಗಿಯ ಕೆನ್ನೆಯ ಒಳಗಿನ ಬಿಳಿ ಮಚ್ಚೆಯಾಗಲಿ, ನಾಲಿಗೆಯ ಅಂಚಿನ ಮಾಯದ ಹುಣ್ಣಾಗಲಿ ಓಪಿಜಿಯಲ್ಲಿ ಕಾಣಿಸುವುದೇ ಇಲ್ಲ. ಬಾಯಿಯ ಕ್ಯಾನ್ಸರ್ ದವಡೆಯ ಮೂಳೆಯನ್ನು ತಿಂದ ಮೇಲಷ್ಟೇ ಅದರ ಗುರುತು ಎಕ್ಸ್‌ರೇಯಲ್ಲಿ ಮೂಡುತ್ತದೆ. ಎರಡು ವಾರ ಕಳೆದರೂ ಮಾಯದ ಹುಣ್ಣಿಗೆ ಬೇಕಾದದ್ದು ಬಯಾಪ್ಸಿ, ಅಂದರೆ ಅದರ ಸಣ್ಣ ಚೂರನ್ನು ತೆಗೆದು ಪರೀಕ್ಷಿಸುವುದು. ‘ಓಪಿಜಿಯಲ್ಲಿ ಏನೂ ಇಲ್ಲ’ ಎಂಬ ಸಮಾಧಾನದ ಮಾತು ಅಂಥವರ ಅಮೂಲ್ಯ ತಿಂಗಳುಗಳನ್ನು ತಿಂದುಹಾಕಬಲ್ಲದು. ಎಲೆಅಡಿಕೆ, ತಂಬಾಕು ಇಷ್ಟೊಂದು ಬಳಕೆಯಲ್ಲಿರುವ ನಮ್ಮ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು.

ಓಪಿಜಿ ತನ್ನದೇ ಆದ ಸುಳ್ಳುಗಳನ್ನೂ ಹೇಳುತ್ತದೆ. ಚಿತ್ರ ನಿಜಕ್ಕಿಂತ ಸುಮಾರು ಕಾಲುಭಾಗದಷ್ಟು ದೊಡ್ಡದಾಗಿರುತ್ತದೆ, ಅದೂ ಎಲ್ಲ ಕಡೆ ಒಂದೇ ಪ್ರಮಾಣದಲ್ಲಲ್ಲ. ತೆಗೆಯಲು ಮರೆತ ಕಿವಿಯೋಲೆ ತನ್ನ ಜಾಗದಲ್ಲಿ ಒಮ್ಮೆ, ಎದುರು ಬದಿಯಲ್ಲಿ ಸ್ವಲ್ಪ ಮೇಲಕ್ಕೆ ಮಸುಕಾದ ಪ್ರೇತದಂತೆ ಇನ್ನೊಮ್ಮೆ ಕಾಣಿಸಿಕೊಳ್ಳುತ್ತದೆ. ಚಿತ್ರ ತೆಗೆಯುವಾಗ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿಯದಿದ್ದರೆ ನಡುವಿನ ಗಾಳಿ ಮೇಲಿನ ಹಲ್ಲುಗಳ ಬೇರುಗಳ ಮೇಲೆ ಕಪ್ಪು ಪಟ್ಟಿಯಾಗಿ ಬಿದ್ದು, ಅಲ್ಲಿರುವ ರೋಗವನ್ನು ಮುಚ್ಚುತ್ತದೆ ಅಥವಾ ಇಲ್ಲದ ರೋಗವನ್ನು ಕಾಣಿಸುತ್ತದೆ. ಓಲೆ, ಮೂಗುಬೊಟ್ಟು, ಸರ ತೆಗೆಯಿರಿ, ನಾಲಿಗೆ ಮೇಲಕ್ಕೆ ಒತ್ತಿ, ಅಲುಗಾಡಬೇಡಿ ಎಂದು ತಂತ್ರಜ್ಞರು ಹೇಳುವಾಗ ಅವಸರಪಡುವ ರೋಗಿಗಳಿಗೆ ಇದು ಗೊತ್ತಿರುವುದು ಒಳ್ಳೆಯದು.

ಎರಡು ಆಯಾಮದ ನೆರಳಿನ ಈ ಗೋಜಲುಗಳಿಗೆಲ್ಲ ಉತ್ತರವೆಂದು 1990ರ ದಶಕದ ಕೊನೆಯಲ್ಲಿ ಇಟಲಿ ಮತ್ತು ಜಪಾನಿನಲ್ಲಿ ರೂಪುಗೊಂಡದ್ದು ಸಿಬಿಸಿಟಿ. ಶಂಕುವಿನಾಕಾರದ ಕಿರಣವು ತಲೆಯ ಸುತ್ತ ಒಂದು ಸುತ್ತು ಬರುವಷ್ಟರಲ್ಲಿ ನೂರಾರು ನೋಟಗಳು ದಾಖಲಾಗುತ್ತವೆ. ಕಂಪ್ಯೂಟರು ಅವುಗಳಿಂದ ದವಡೆಯನ್ನು ಮತ್ತೆ ಕಟ್ಟಿ, ರೊಟ್ಟಿಯನ್ನು ಬೇಕಾದ ಕಡೆ ಹೋಳು ಮಾಡಿದಂತೆ ಯಾವ ದಿಕ್ಕಿನಲ್ಲಾದರೂ ಸೀಳಿ ತೋರಿಸುತ್ತದೆ. ಇದು ಚಿಕಿತ್ಸೆಯನ್ನೇ ಬದಲಿಸುವ ಸಂದರ್ಭಗಳು ನಿಜಕ್ಕೂ ಇವೆ. ಕೆಳಗಿನ ಬುದ್ಧಿಹಲ್ಲಿನ ಬೇರು ನರದ ಕಾಲುವೆಗೆ ತಾಗಿದೆಯೆಂಬ ಅನುಮಾನ ಓಪಿಜಿಯಲ್ಲಿ ಮೂಡಿದರೆ, ಅಂದರೆ ಕಾಲುವೆಯ ಬಿಳಿ ಗೆರೆ ಅಲ್ಲಿ ತುಂಡಾಗಿದ್ದರೆ ಅಥವಾ ಬೇರು ಅಲ್ಲಿ ಕಪ್ಪಾಗಿದ್ದರೆ, ನರ ಬೇರಿನ ಯಾವ ಬದಿಯಲ್ಲಿ ಹಾದಿದೆ ಎಂಬುದನ್ನು ಸಿಬಿಸಿಟಿ ತೋರಿಸುತ್ತದೆ; ಹಲ್ಲನ್ನು ತುಂಡು ಮಾಡಿ ತೆಗೆಯಬೇಕೇ, ಬೇರನ್ನು ಅಲ್ಲೇ ಬಿಡಬೇಕೇ, ಅಥವಾ ಮುಟ್ಟದಿರುವುದೇ ಮೇಲೇ ಎಂಬ ತೀರ್ಮಾನಕ್ಕೆ ಅದು ಆಧಾರ. ಆ ನರಕ್ಕೆ ಪೆಟ್ಟಾದರೆ ಕೆಳತುಟಿ ಮತ್ತು ಗಲ್ಲ ಜೋಮು ಹಿಡಿದು ಕೆಲವರಲ್ಲಿ ಹಾಗೆಯೇ ಉಳಿದುಬಿಡುತ್ತದೆ. ಅಂಗುಳದಲ್ಲಿ ಸಿಕ್ಕಿಕೊಂಡ ಕೋರೆಹಲ್ಲು ಪಕ್ಕದ ಬಾಚಿಹಲ್ಲಿನ ಬೇರನ್ನು ಕರಗಿಸುತ್ತಿದೆಯೇ ಎಂಬುದು ಇನ್ನೊಂದು ಅಂಥ ಪ್ರಶ್ನೆ.

ಹೋದ ಹಲ್ಲಿನ ಜಾಗದಲ್ಲಿ ಮೂಳೆಗೆ ಕೂರಿಸುವ ಕೃತಕ ಬೇರು, ಅಂದರೆ ಇಂಪ್ಲಾಂಟ್ ವಿಷಯದಲ್ಲಿ ಸಂದೇಹಕ್ಕೆ ಎಡೆಯೇ ಕಡಿಮೆ. ಓಪಿಜಿ ಮೂಳೆಯ ಎತ್ತರವನ್ನು ಸುಮಾರಾಗಿ ಹೇಳಬಲ್ಲದು, ಅಗಲವನ್ನು ಹೇಳಲಾರದು. ಕೆಳದವಡೆಯ ಒಳಬದಿಯಲ್ಲಿ ಮೂಳೆ ಒಳಕ್ಕೆ ಬಾಗಿ ಗುಳಿಬಿದ್ದಿರುವುದುಂಟು. ಅದನ್ನು ತಿಳಿಯದೆ ಕೊರೆದರೆ ಡ್ರಿಲ್ ಮೂಳೆಯಿಂದ ಹೊರಬಂದು ನಾಲಿಗೆಯ ಕೆಳಗೆ ಅಪಾಯಕರ ರಕ್ತಸ್ರಾವವಾಗಬಹುದು. ನರದಿಂದ ಕನಿಷ್ಠ 2 ಮಿಲಿಮೀಟರ್ ದೂರ ಉಳಿಸಬೇಕೆಂಬ ವಾಡಿಕೆಯನ್ನು ಪಾಲಿಸಲು ಕಾಲುಭಾಗ ಹಿಗ್ಗಿದ ಚಿತ್ರವನ್ನು ನೆಚ್ಚಿಕೊಳ್ಳುವುದು ಜಾಣತನವಲ್ಲ.

ರೂಟ್ ಕೆನಾಲ್ ಮಾಡಿಸಿದ ಮೇಲೂ ನೋವು ಹೋಗದ ಹಲ್ಲಿನ ಕಥೆ ಇಷ್ಟು ನೇರವಲ್ಲ. ಮೇಲಿನ ಮೊದಲ ದವಡೆಹಲ್ಲಿನಲ್ಲಿ ಮೂರು ಬೇರುಗಳಿದ್ದರೂ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ನಾಲ್ಕು ನಾಳಗಳಿರುತ್ತವೆ. ಕೆನ್ನೆಯ ಬದಿಯ ಮುಂದಿನ ಬೇರಿನಲ್ಲಿ ಅಡಗಿರುವ ಆ ನಾಲ್ಕನೆಯ ನಾಳ ಸ್ವಚ್ಛವಾಗದೆ ಉಳಿದು ಸೋಂಕು ಮರಳುವುದುಂಟು. ಆರ್‌ವಿಜಿಯಲ್ಲಿ ಒಂದರ ನೆರಳು ಇನ್ನೊಂದರ ಮೇಲೆ ಬೀಳುವುದರಿಂದ ಅದು ಕಾಣದು, ಸಿಬಿಸಿಟಿಯಲ್ಲಿ ಕಾಣುತ್ತದೆ. ‘ಸೈನಸ್’ ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿದವರ ಮೂಗಿನ ಪಕ್ಕದ ಗೂಡಿನ ಒಂದೇ ಬದಿ ತುಂಬಿಕೊಂಡಿರುವುದಕ್ಕೆ ಅದರ ಕೆಳಗಿನ ಹಲ್ಲೇ ಮೂಲವೆಂದು ತಿಳಿಯುವುದೂ ಹೀಗೆ. ಆದರೆ ಅದೇ ಹಲ್ಲಿನ ಬೇರು ಉದ್ದಕ್ಕೆ ಸೀಳಿದೆಯೇ ಎಂಬ ಪ್ರಶ್ನೆ ಬಂದಾಗ ಯಂತ್ರ ಎಡವುತ್ತದೆ. ಬೇರಿನೊಳಗೆ ತುಂಬಿಸಿದ ವಸ್ತು, ಲೋಹದ ಕ್ಯಾಪು ಸುತ್ತಲೂ ಕಪ್ಪು-ಬಿಳಿ ಗೀರುಗಳನ್ನು ಎಬ್ಬಿಸುತ್ತವೆ. ಇಲ್ಲದ ಸೀಳು ಇರುವಂತೆ, ಇರುವ ಸೀಳು ಇಲ್ಲದಂತೆ ಕಾಣುತ್ತದೆ. ಆ ಗೀರನ್ನು ನಂಬಿ ಹಲ್ಲು ಕೀಳುವ ಮುನ್ನ ವಸಡಿನ ಸುತ್ತ ಆಳ ಅಳೆಯುವ ಸಣ್ಣ ಸಲಾಕೆಯನ್ನು ಆಡಿಸಿ ನೋಡುವುದು ಅನಿವಾರ್ಯ. ಇಂಥ ಕಾರಣಗಳಿಂದಲೇ ಅಮೆರಿಕದ ಬೇರುನಾಳ ತಜ್ಞರ ಮತ್ತು ಬಾಯಿ-ದವಡೆ ವಿಕಿರಣ ತಜ್ಞರ ಸಂಘಗಳು ಜಂಟಿಯಾಗಿ, ಕಡಿಮೆ ಕಿರಣದ ಚಿತ್ರದಿಂದ ಉತ್ತರ ಸಿಗದಿದ್ದಾಗ ಮಾತ್ರ ಸಿಬಿಸಿಟಿ, ಅದೂ ಆದಷ್ಟು ಸಣ್ಣ ಜಾಗಕ್ಕೆ ಸೀಮಿತವಾಗಿ ಎಂದು ಹೇಳಿವೆ.

ಈಗ ಕಿರಣದ ಲೆಕ್ಕ. ದೇಹಕ್ಕೆ ತಗಲುವ ವಿಕಿರಣವನ್ನು ಅಳೆಯುವ ಮಾನ ಮೈಕ್ರೋಸೀವರ್ಟ್. ನೆಲ, ಗಾಳಿ, ಆಹಾರ, ಆಕಾಶದಿಂದ ಸಹಜವಾಗಿ ಬರುವ ವಿಕಿರಣ ಜಗತ್ತಿನ ಸರಾಸರಿಯಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು 2,400 ಮೈಕ್ರೋಸೀವರ್ಟ್, ಅಂದರೆ ದಿನಕ್ಕೆ ಆರೂವರೆ. ಒಂದು ಆರ್‌ವಿಜಿಯದು ಹೆಚ್ಚುಕಡಿಮೆ ಒಂದು ದಿನದ ಪಾಲು. ಓಪಿಜಿಯದು ಸುಮಾರು 3ರಿಂದ 24 ಮೈಕ್ರೋಸೀವರ್ಟ್. ಸಿಬಿಸಿಟಿಯಲ್ಲಿ ಮಾತ್ರ ಅಂತರ ಬಹಳ: ಎರಡು ಮೂರು ಹಲ್ಲುಗಳಷ್ಟು ಜಾಗಕ್ಕೆ ಹತ್ತಾರು ಇರಬಹುದು, ಇಡೀ ಮುಖಕ್ಕೆ ಹೆಚ್ಚಿನ ಸ್ಪಷ್ಟತೆಯಲ್ಲಿ ತೆಗೆದರೆ ಕೆಲವು ಯಂತ್ರಗಳಲ್ಲಿ ಸಾವಿರವನ್ನೂ ಮುಟ್ಟಬಹುದು. ಆದ್ದರಿಂದ ‘ಸಿಬಿಸಿಟಿ ಸುರಕ್ಷಿತವೇ’ ಎಂಬ ಪ್ರಶ್ನೆಗಿಂತ ‘ಎಷ್ಟು ಜಾಗಕ್ಕೆ ತೆಗೆಯುತ್ತೀರಿ’ ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ. ಬೆಳೆಯುವ ಮಕ್ಕಳ ಅಂಗಾಂಶಗಳು ಕಿರಣಕ್ಕೆ ಹೆಚ್ಚು ಸೂಕ್ಷ್ಮವಾದ್ದರಿಂದ, ಕ್ಲಿಪ್ ಹಾಕಿಸಲು ಬಂದ ಪ್ರತಿ ಮಗುವಿಗೂ ಇಡೀ ಮುಖದ ಸ್ಕ್ಯಾನ್ ಎಂಬ ಅಭ್ಯಾಸಕ್ಕೆ ಸಮರ್ಥನೆ ಸಿಗುವುದು ಕಷ್ಟ.

ಭಯಕ್ಕೆ ಚಾರಿತ್ರಿಕ ಕಾರಣವಿಲ್ಲದೆ ಇಲ್ಲ. ರಾಂಟ್‌ಜನ್ 1895ರ ನವೆಂಬರಿನಲ್ಲಿ ಕಂಡುಹಿಡಿದ ಕಿರಣವನ್ನು ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ಜರ್ಮನಿಯ ದಂತವೈದ್ಯ ಓಟೋ ವಾಲ್ಕ್‌ಹಾಫ್ ತಮ್ಮದೇ ಹಲ್ಲಿನ ಮೇಲೆ ಹಾಯಿಸಿಕೊಂಡರು. ಒಂದು ಚಿತ್ರಕ್ಕೆ 25 ನಿಮಿಷ ಹಿಡಿಯಿತು. ಅಮೆರಿಕದ ನ್ಯೂ ಆರ್ಲಿಯನ್ಸಿನ ದಂತವೈದ್ಯ ಎಡ್ಮಂಡ್ ಕೆಲ್ಸ್ ವರ್ಷಗಟ್ಟಲೆ ಕಿರಣದ ದಾರಿಯಲ್ಲಿ ತಮ್ಮ ಕೈಯನ್ನೇ ಇಟ್ಟು ಯಂತ್ರವನ್ನು ಹೊಂದಿಸುತ್ತಿದ್ದರು. ಬೆರಳುಗಳು, ಕೈ, ಕೊನೆಗೆ ತೋಳು ಕ್ಯಾನ್ಸರಿಗೆ ಬಲಿಯಾಗಿ, 1928ರಲ್ಲಿ ಅವರು ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಆಗ 25 ನಿಮಿಷ ಬೇಕಾದ ಚಿತ್ರಕ್ಕೆ ಇಂದಿನ ಸೆನ್ಸರಿಗೆ ಸೆಕೆಂಡಿನ ಸಣ್ಣ ಭಾಗ ಸಾಕು. ಆ ಬದಲಾವಣೆಯನ್ನು ಗಮನಿಸಿಯೇ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2024ರ ಫೆಬ್ರವರಿಯಲ್ಲಿ, ಹಲ್ಲಿನ ಎಕ್ಸ್‌ರೇಗೆ ಸೀಸದ ಏಪ್ರನ್ನಾಗಲಿ ಕತ್ತಿನ ಪಟ್ಟಿಯಾಗಲಿ ಇನ್ನು ಬೇಡವೆಂದು ಶಿಫಾರಸು ಮಾಡಿತು. ದೇಹದೊಳಗೇ ಚೆದರುವ ಕಿರಣವನ್ನು ಏಪ್ರನ್ ತಡೆಯಲಾರದು, ಅದರ ಅಂಚು ಚಿತ್ರಕ್ಕೆ ಅಡ್ಡ ಬಂದರೆ ಮತ್ತೊಮ್ಮೆ ಚಿತ್ರ ತೆಗೆಯಬೇಕಾಗುತ್ತದೆ ಎಂಬುದು ಅದರ ತರ್ಕ. ಅದರ ಬದಲು ಯಂತ್ರದಿಂದ ಕಿರಣ ಹೊರಬರುವ ದುಂಡು ಬಾಯಿಯನ್ನು ಸೆನ್ಸರಿನ ಅಳತೆಗೆ ತಕ್ಕಂತೆ ಆಯತಾಕಾರಕ್ಕೆ ಕಿರಿದುಮಾಡಿದರೆ ರೋಗಿಗೆ ತಗಲುವ ಕಿರಣ ಅರ್ಧಕ್ಕೂ ಹೆಚ್ಚು ತಗ್ಗುತ್ತದೆ. ಏಪ್ರನ್ ಕಣ್ಣಿಗೆ ಕಾಣುವ ರಕ್ಷಣೆ, ಕಿರಿದಾದ ಬಾಯಿ ಕಾಣದ ರಕ್ಷಣೆ. ನಾವು ನಂಬುವುದು ಕಾಣುವುದನ್ನು. ಸೆನ್ಸರನ್ನು ರೋಗಿಯ ಬೆರಳಿಂದಲೇ ಒತ್ತಿ ಹಿಡಿಸುವ ರೂಢಿಯೂ ಇನ್ನೂ ಹಲವು ಕಡೆ ಉಳಿದಿದೆ. ಅದಕ್ಕೆಂದೇ ಇರುವ ಹೋಲ್ಡರ್ ಬಳಸಿದರೆ ಬೆರಳಿಗೆ ಕಿರಣ ತಾಗುವುದೂ ತಪ್ಪುತ್ತದೆ, ಕೋನ ತಪ್ಪಿ ಬೇರು ಉದ್ದವಾಗಿಯೋ ಗಿಡ್ಡವಾಗಿಯೋ ಕಾಣುವುದೂ ತಪ್ಪುತ್ತದೆ.

ಭಾರತದಲ್ಲಿ ಎಕ್ಸ್‌ರೇ ಯಂತ್ರಗಳ ಮೇಲ್ವಿಚಾರಣೆ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. 2004ರ ವಿಕಿರಣ ರಕ್ಷಣಾ ನಿಯಮಗಳ ಪ್ರಕಾರ ದಂತ ಕ್ಲಿನಿಕ್ಕುಗಳೂ ಅದರ ಅನುಮತಿ ಪಡೆಯಬೇಕು. ಯಂತ್ರ ಸರಿಯಿದೆಯೇ ಎಂಬುದನ್ನು ಹೀಗೆ ಹೊರಗಿನವರು ನೋಡಬಲ್ಲರು. ಈ ರೋಗಿಗೆ ಈ ಚಿತ್ರ ಬೇಕಿತ್ತೇ ಎಂಬುದನ್ನು ಕ್ಲಿನಿಕ್ಕಿನೊಳಗೆ ತೂಗಿ ನೋಡುವವರು ವೈದ್ಯರೊಬ್ಬರೇ. ಲಕ್ಷಗಟ್ಟಲೆ ಬೆಲೆಯ ಯಂತ್ರದ ಬ್ಯಾಂಕ್ ಕಂತು ಕಟ್ಟುತ್ತಿರುವವರೂ ಹಲವು ಸಲ ಅವರೇ. ಇದು ಯಾರ ಪ್ರಾಮಾಣಿಕತೆಯ ಬಗೆಗೂ ಆಡುವ ಮಾತಲ್ಲ. ಕೈಯಲ್ಲಿ ಯಂತ್ರವಿದ್ದಾಗ ಅದನ್ನು ಬಳಸುವ ಕಾರಣಗಳು ಹೆಚ್ಚಾಗಿಯೇ ಹೊಳೆಯುತ್ತವೆ. ಹಲ್ಲಿನ ಚಿಕಿತ್ಸೆಯ ಬಹುಪಾಲು ಖರ್ಚನ್ನು ನಮ್ಮಲ್ಲಿ ರೋಗಿಗಳು ತಮ್ಮ ಜೇಬಿನಿಂದಲೇ ಕೊಡುವುದರಿಂದ ಇದು ಅವರ ಹಣದ ಪ್ರಶ್ನೆಯೂ ಹೌದು.

ಓದುವ ಪ್ರಶ್ನೆ ಇದಕ್ಕಿಂತ ದೊಡ್ಡದು. ಇಂಪ್ಲಾಂಟ್‌ಗೆಂದು ತೆಗೆದ ಸಿಬಿಸಿಟಿಯಲ್ಲಿ ವೈದ್ಯರು ನೋಡುವುದು ಹಲ್ಲಿಲ್ಲದ ಆ ಒಂದು ಜಾಗವನ್ನು. ಅದೇ ಕಡತದಲ್ಲಿ ಸೈನಸ್ಸು, ದವಡೆಯ ಕೀಲು, ಗಂಟಲಿನ ದಾರಿ, ಕೆಲವೊಮ್ಮೆ ಕತ್ತಿನ ರಕ್ತನಾಳದಲ್ಲಿ ಕಟ್ಟಿದ ಸುಣ್ಣದ ಗುರುತೂ ಇರುತ್ತವೆ. ತೆಗೆದ ಚಿತ್ರವನ್ನು ಅಂಚಿನಿಂದ ಅಂಚಿಗೆ ಓದುವ ಹೊಣೆ ತೆಗೆಸಿದವರದು ಎಂಬುದು ವೃತ್ತಿಯಲ್ಲಿ ಒಪ್ಪಿತವಾದ ಮಾತು. ನಮ್ಮ ದಂತ ಕಾಲೇಜುಗಳಲ್ಲಿ ಓರಲ್ ಮೆಡಿಸಿನ್ ಅಂಡ್ ರೇಡಿಯಾಲಜಿ ಎಂಬ ಸ್ನಾತಕೋತ್ತರ ವಿಭಾಗವೇ ಇದ್ದು, ಇದರಲ್ಲಿ ತರಬೇತಾದ ತಜ್ಞರು ಪ್ರತಿವರ್ಷ ಹೊರಬರುತ್ತಾರೆ. ಅವರು ಸಹಿ ಮಾಡಿದ ಲಿಖಿತ ವರದಿ ಇಲ್ಲದೆ ಬರೀ ಚಿತ್ರವನ್ನು ಕೈಗಿಡುವ ಸ್ಕ್ಯಾನಿಗೆ ಹಣ ಕೊಡುವುದು, ನನ್ನ ಅಭಿಪ್ರಾಯದಲ್ಲಿ, ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ ಕೊಟ್ಟಂತೆ.

ಈ ಕೊರತೆಯನ್ನು ಕೃತಕ ಬುದ್ಧಿಮತ್ತೆ ತುಂಬುತ್ತದೆಯೆಂಬ ಭರವಸೆ ಈಗ ಕೇಳಿಬರುತ್ತಿದೆ. ಓವರ್‌ಜೆಟ್, ಪರ್ಲ್ ಮುಂತಾದ ಕಂಪನಿಗಳ ತಂತ್ರಾಂಶಗಳಿಗೆ ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಅಮೆರಿಕದ ಸಂಸ್ಥೆ ಎಫ್‌ಡಿಎ 2021-22ರಲ್ಲಿ ಅನುಮತಿ ನೀಡಿತು. ಅವು ಎಕ್ಸ್‌ರೇಯ ಮೇಲೆ ಅನುಮಾನದ ಜಾಗಗಳನ್ನು ಬಣ್ಣದಲ್ಲಿ ಗುರುತಿಸುತ್ತವೆ. ದಿನಕ್ಕೆ ನಲವತ್ತು ಚಿತ್ರ ನೋಡಿ ದಣಿದ ಕಣ್ಣಿಗೆ ಇದು ನಿಜವಾದ ಸಹಾಯ. ಆದರೆ ಗುರುತಿಸುವುದು ಬೇರೆ, ಕೊರೆಯುವುದು ಬೇರೆ. ಎನಾಮಲ್ ದಾಟದ ಮೊದಲ ಹಂತದ ಹುಳುಕಿಗೆ ಫ್ಲೋರೈಡ್ ಹಚ್ಚಿ, ಸಿಹಿ ಕಡಿಮೆ ಮಾಡಿಸಿ, ಕಾದು ನೋಡುವುದು ಸರಿಯಾದ ಚಿಕಿತ್ಸೆ. ಅಂಥ ಜಾಗ ಮತ್ತೆ ಗಟ್ಟಿಯಾಗಬಲ್ಲದು. ಪರದೆಯ ಮೇಲೆ ಕೆಂಪು ಚೌಕವನ್ನು ಕಂಡ ರೋಗಿ ‘ಈಗಲೇ ತುಂಬಿಸಿಬಿಡಿ ಡಾಕ್ಟ್ರೇ’ ಎನ್ನುವುದು ಸಹಜ, ಬೇಡವೆಂದು ವಿವರಿಸಲು ವೈದ್ಯರಿಗೆ ಹತ್ತು ನಿಮಿಷ ಬೇಕು, ತುಂಬಿಸಿದರೆ ಬಿಲ್ಲು ಏರುತ್ತದೆ.

ಮೊದಲ ಹಂತದ ಆ ಹುಳುಕು ನಿಂತಿದೆಯೋ ಮುಂದುವರಿದಿದೆಯೋ ಎಂಬುದನ್ನಾಗಲಿ, ಬೇರಿನ ತುದಿಯ ಕಪ್ಪು ಚುಕ್ಕೆ ಚಿಕಿತ್ಸೆಯ ನಂತರ ಕುಗ್ಗುತ್ತಿದೆಯೋ ಇಲ್ಲವೋ ಎಂಬುದನ್ನಾಗಲಿ ಒಂದೇ ಚಿತ್ರದಿಂದ ಯಾವ ತಂತ್ರಾಂಶವೂ ಹೇಳಲಾರದು. ಅದಕ್ಕೆ ಒಂದೆರಡು ವರ್ಷ ಹಳೆಯ ಚಿತ್ರ ಪಕ್ಕದಲ್ಲಿರಬೇಕು. ಊರು ಬದಲಿಸಿದಾಗ, ವೈದ್ಯರನ್ನು ಬದಲಿಸಿದಾಗ ನಮ್ಮಲ್ಲಿ ಆ ಹಳೆಯ ಚಿತ್ರ ಹಿಂದಿನ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲೇ ಉಳಿದು, ಹೊಸ ಕಡೆ ಮತ್ತೆ ಮೊದಲಿನಿಂದ ಎಲ್ಲವನ್ನೂ ತೆಗೆಸಬೇಕಾಗುತ್ತದೆ. ಪರದೆಯ ಫೋಟೋ ಹೊಡೆದು ವಾಟ್ಸಾಪಿನಲ್ಲಿ ಕಳಿಸಿದ ಮಸುಕು ಚಿತ್ರ ಇದಕ್ಕೆ ಸಾಲದು. ಆರ್‌ವಿಜಿ ಮತ್ತು ಓಪಿಜಿಯ ಮೂಲ ಕಡತಗಳನ್ನು, ಸಿಬಿಸಿಟಿಯಾದರೆ ಡೈಕಾಮ್ ಎಂಬ, ವೈದ್ಯಕೀಯ ಚಿತ್ರಗಳಿಗೆಂದೇ ಇರುವ ರೂಪದ ಪೂರ್ತಿ ಕಡತವನ್ನು ವರದಿಯ ಸಮೇತ ಪೆನ್‌ಡ್ರೈವಿನಲ್ಲಿ ಕೇಳಿ ಪಡೆದು ಇಟ್ಟುಕೊಂಡರೆ, ಮುಂದಿನ ವೈದ್ಯರು ಹೊಸ ಚಿತ್ರ ಬರೆದುಕೊಡುವ ಮೊದಲು ಹಳೆಯದನ್ನು ತೆರೆದು ನೋಡಬಹುದು.